ಸೆರೆಮನೆಯ ಲೆಕ್ಕ, ಹೆಣ್ಣಿನ ಮೇಲೆ ತಪ್ಪು

ಹೆಣ್ಣು ಹೊಸ್ತಿಲು ದಾಟಿ ಕಾಲೇಜಿಗೆ ಹೋದಳು, ಕಚೇರಿಗೆ ಹೋದಳು. ಕೊನೆಗೆ ಸೆರೆಮನೆಗೂ ಹೊರಟಳು ಎಂದು ಹಲುಬುವ ಮಹನೀಯರು ನಮ್ಮ ಸಭೆಗಳಲ್ಲಿ ವಿರಳರಲ್ಲ. ಅವರ ಕೈಯಲ್ಲಿ ಅಂಕಿಯೂ ಇರುತ್ತದೆ. ಭಾರತದ ಸೆರೆಮನೆಗಳಲ್ಲಿ 2015ರ ಕೊನೆಗೆ 17,834 ಮಂದಿ ಸ್ತ್ರೀಯರಿದ್ದರು. 2022ರ ಕೊನೆಗೆ 23,772. ಸ್ವಾತಂತ್ರ್ಯದ ಫಲ ನೋಡಿದಿರಾ ಎಂಬುದು ಅವರ ತೀರ್ಪು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿ ಇದು. ಮಗ್ಗುಲ ಅಂಕಣವನ್ನು ಓದುವ ಶ್ರಮವನ್ನು ಇವರು ವಹಿಸಲಿಲ್ಲ. ಅದೇ ಏಳು ವರ್ಷಗಳಲ್ಲಿ ಗಂಡು ಕೈದಿಗಳು ಸುಮಾರು 4 ಲಕ್ಷದಿಂದ 5 ಲಕ್ಷ 49 ಸಾವಿರಕ್ಕೆ ಏರಿದರು. ಹೆಂಗಸರ ಏರಿಕೆ ನೂರಕ್ಕೆ 33. ಗಂಡಸರದು 37ರ ಹತ್ತಿರ. ನೂರು ಕೈದಿಗಳಲ್ಲಿ ಹೆಂಗಸರು 2015ರಲ್ಲೂ ನಾಲ್ವರು, 2022ರಲ್ಲೂ ನಾಲ್ವರು. ಗಂಡು ಕೆಟ್ಟನೆಂದು ಮಾತ್ರ ಯಾರೂ ಹಲುಬಲಿಲ್ಲ!

ಹಾಗಾದರೆ ಬೆಳೆದದ್ದೇನು? ಒಟ್ಟು ಕೈದಿಗಳು 4,19,623ರಿಂದ 5,73,220 ಆದರು. ಅವರಲ್ಲಿ ವಿಚಾರಣೆ ಮುಗಿಯದವರು 2,82,076ರಿಂದ 4,34,302 ಆದರು. ಕಳೆದು ನೋಡಿ: ಹೆಚ್ಚಳವೆಲ್ಲ ಹೆಚ್ಚುಕಡಿಮೆ ಇವರದೇ. 'ಆರೋಪಿ'ಗೂ 'ಅಪರಾಧಿ'ಗೂ ಇರುವ ಅಂತರವನ್ನು ನಾವು ತರಗತಿಯಲ್ಲಿ ಬಿಡಿಸಿ ಹೇಳುತ್ತೇವೆ; ಸೆರೆಮನೆಯ ಬೀಗಕ್ಕೆ ಆ ವ್ಯಾಕರಣ ತಿಳಿಯದು.

ನಾಲ್ವರೇ ಎಂಬುದು ಹೆಂಗಸಿಗೆ ಸಮಾಧಾನದ ಮಾತೂ ಅಲ್ಲ. ಕಡಿಮೆಯವರೆಂದೇ ಅವರನ್ನು ಮರೆತಿದ್ದೇವೆ. 2022ರಲ್ಲಿ ದೇಶದ 1,330 ಸೆರೆಮನೆಗಳಲ್ಲಿ ಹೆಂಗಸರಿಗೆಂದೇ ಕಟ್ಟಿದವು 34. ಮಿಕ್ಕವರಿಗೆ ಗಂಡಸರ ಸೆರೆಮನೆಯೊಳಗಿನ ಒಂದು ಮೂಲೆ. 1,537 ತಾಯಂದಿರ ಜೊತೆ 1,764 ಮಕ್ಕಳೂ ಒಳಗಿದ್ದರು. 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ, ಬಿಹಾರದಲ್ಲಿ ಯಾವ ಆರೋಪವೂ ಇಲ್ಲದ ಹೆಂಗಸರನ್ನು 'ರಕ್ಷಣೆ'ಯ ಹೆಸರಿನಲ್ಲಿ ಸೆರೆಯಲ್ಲಿಟ್ಟದ್ದು ಬಯಲಾಯಿತು. ಅವರಲ್ಲಿ ಕೆಲವರು ಅನ್ಯಾಯಕ್ಕೆ ಗುರಿಯಾದವರು, ಕೆಲವರು ಬರಿಯ ಸಾಕ್ಷಿಗಳು. ಇದು ಯಾವ ಕಾಲೇಜು ಕಲಿಸಿದ ಪಾಪ?

ಹೆಸರಿಗೆ ಒಂದು ಗುಂಟೆ ಭೂಮಿ ಇಲ್ಲದವಳಿಗೆ ಜಾಮೀನು ನಿಲ್ಲುವವರಾರು? ಮೊದಲ ಸಲ ಆರೋಪಕ್ಕೆ ಸಿಕ್ಕಿದವರು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಪಾಲು ಕಾದಿದ್ದರೆ, ಮರಣದಂಡನೆ ಜೀವಾವಧಿಗಳ ಪ್ರಕರಣವಲ್ಲದಿದ್ದರೆ, ಬಿಡಬೇಕೆಂದು 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಹೇಳುತ್ತದೆ. ಹೆಣ್ಣಿನ ಶೀಲದ ಚಿಂತೆ ಹೊತ್ತ ಮಹನೀಯರು ತಮ್ಮ ಜಿಲ್ಲೆಯ ಸೆರೆಮನೆಗೆ ಹೋಗಿ, ಆ ಕಲಮಿನ ಕೆಳಗೆ ಬಿಡುಗಡೆಗೆ ಅರ್ಹರಾದವರು ಎಷ್ಟು ಮಂದಿ, ಬಿಟ್ಟದ್ದು ಎಷ್ಟು ಮಂದಿಯನ್ನು ಎಂದು ಕೇಳಲಿ. ಭಾಷಣ ಆಮೇಲಾಗಲಿ.