ಗೆತ್ಸೆಮನೆ ತೋಟದ ಪ್ರಶ್ನೆ

ಹಿರಿಯರ ಮಾತಿಗೆ ‘ಏಕೆ?’ ಎಂದು ಕೇಳುವ ಬಾಲಕನನ್ನು ಅವಿಧೇಯನೆಂದು ಕರೆಯುವ ರೂಢಿ ನಮ್ಮಲ್ಲಿದೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಿಸಲು ಪಾಶ್ಚಾತ್ಯ ಗೀತೆಯೊಂದು ನಮಗೆ ನೆರವಾಗಬಲ್ಲದು.

1970ರಲ್ಲಿ ಇಂಗ್ಲೆಂಡಿನ ಇಬ್ಬರು ತರುಣರು, ಸಂಗೀತಕಾರ ಆಂಡ್ರ್ಯೂ ಲಾಯ್ಡ್ ವೆಬರ್ ಹಾಗೂ ಗೀತರಚನಕಾರ ಟಿಮ್ ರೈಸ್, ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬ ರಾಕ್ ಒಪೆರಾವನ್ನು ಧ್ವನಿಮುದ್ರಿಕೆಯ ರೂಪದಲ್ಲಿ ಹೊರತಂದರು. ಯೇಸುವಿನ ಕೊನೆಯ ದಿನಗಳೇ ಅದರ ವಸ್ತು. ಕಥೆಯೆಲ್ಲವೂ ಹಾಡಾಗಿಯೇ ಸಾಗುತ್ತದೆ. 1971ರಲ್ಲಿ ಅದು ನ್ಯೂಯಾರ್ಕಿನ ರಂಗಭೂಮಿಯನ್ನೇರಿದಾಗ ನಾಟಕಶಾಲೆಯ ಹೊರಗೆ ಪ್ರತಿಭಟನೆಗಳು ನಡೆದವು. ದೇವಪುತ್ರನನ್ನು ಸಾಮಾನ್ಯ ಮನುಷ್ಯನಂತೆ ಚಿತ್ರಿಸಲಾಗಿದೆಯೆಂಬುದು ಹಲವು ಕ್ರೈಸ್ತರ ಆಕ್ಷೇಪವಾಗಿತ್ತು.

ಈ ಆಕ್ಷೇಪವನ್ನು ತೂಗಿ ನೋಡಲು ‘ಗೆತ್ಸೆಮನೆ’ ಎಂಬ ಗೀತೆಯೇ ತಕ್ಕ ಒರೆಗಲ್ಲು. ಬಂಧನದ ರಾತ್ರಿ, ಶಿಷ್ಯರು ನಿದ್ರಿಸುತ್ತಿದ್ದಾರೆ, ತೋಟದಲ್ಲಿ ಯೇಸು ಏಕಾಕಿ. ಗೀತೆ ಮೆಲುದನಿಯಲ್ಲಿ ತೊಡಗುತ್ತದೆ. ತಾನೇಕೆ ಸಾಯಬೇಕು, ತನ್ನ ಸಾವಿನಿಂದ ಸಾಧಿಸುವುದೇನು ಎಂದು ಆತ ದೇವರನ್ನೇ ಕೇಳುತ್ತಾನೆ. ದನಿ ಏರುತ್ತ ಏರುತ್ತ ಆರ್ತನಾದವಾಗುತ್ತದೆ. ಮೊದಲ ಧ್ವನಿಮುದ್ರಿಕೆಯಲ್ಲಿ ಇದನ್ನು ಹಾಡಿದ ಇಯಾನ್ ಗಿಲನ್ನನ ಕಂಠದಲ್ಲಿ ಆ ಏರಿಕೆ ಮೈ ನವಿರೇಳಿಸುವಂತಿದೆ. ಉತ್ತರ ಮಾತ್ರ ಬರುವುದಿಲ್ಲ. ಆದರೂ ಕೊನೆಯಲ್ಲಿ ಆತ ಒಪ್ಪುತ್ತಾನೆ.

ಇದು ಬರಿಯ ಕವಿಕಲ್ಪನೆಯಲ್ಲ. ಮತ್ತಾಯ ಹಾಗೂ ಮಾರ್ಕರ ಸುವಾರ್ತೆಗಳಲ್ಲಿಯೂ ಯೇಸು ವ್ಯಾಕುಲನಾಗಿ, ಸಾಧ್ಯವಾದರೆ ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿ, ಬಳಿಕ ದೇವರ ಚಿತ್ತಕ್ಕೆ ತಲೆಬಾಗುತ್ತಾನೆ. ಅಲ್ಲಿಯ ಬೇಡಿಕೆಯನ್ನು ಗೀತೆಯು ವಾದವನ್ನಾಗಿಸಿ, ಕೋಪವನ್ನೂ ಬೆರೆಸಿದೆ. ಭಕ್ತರಿಗೆ ಅದು ಅತಿಯೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಭಯವನ್ನೇ ಅರಿಯದವನು ಮರಣವನ್ನೆದುರಿಸಿದರೆ ಅದರಲ್ಲಿ ಧೈರ್ಯವೇನು ಬಂತು? ಭಗವದ್ಗೀತೆಯೂ ಅರ್ಜುನನ ವಿಷಾದದಿಂದಲೇ ಆರಂಭವಾಗುತ್ತದೆಯಲ್ಲವೆ? ಅರ್ಜುನನಿಗಾದರೋ ಉತ್ತರ ಹೇಳಲು ಕೃಷ್ಣನಿದ್ದನು. ಈ ಗೀತೆಯ ಯೇಸು ಉತ್ತರವಿಲ್ಲದೆಯೇ ಹೆಜ್ಜೆಯಿಡಬೇಕಾಗುತ್ತದೆ. ಆದುದರಿಂದ ಈ ಗೀತೆ ಯೇಸುವನ್ನು ಕಿರಿದಾಗಿಸಿತೆಂಬ ಮಾತು ನನಗೆ ಒಪ್ಪಿಗೆಯಾಗದು.

ವಿದ್ಯಾರ್ಥಿ ಮಿತ್ರರೆ, ಕೆಲಸದಿಂದ ನುಣುಚಿಕೊಳ್ಳಲು ಕೇಳುವ ಪ್ರಶ್ನೆ ಬೇರೆ. ಕೆಲಸದ ಭಾರವನ್ನರಿತು ಕೇಳುವ ಪ್ರಶ್ನೆ ಬೇರೆ. ಮೊದಲನೆಯದು ನೆಪ, ಎರಡನೆಯದು ವಿವೇಕ. ನಮ್ಮ ಪ್ರಶ್ನೆ ಯಾವ ಬಗೆಯದೆಂದು ಅದನ್ನು ಕೇಳಿದ ಮೇಲೆ ನಾವು ನಡೆದುಕೊಳ್ಳುವ ರೀತಿಯಿಂದಲೇ ತಿಳಿಯುತ್ತದೆ. ನಾವು ನಿರ್ಭಯವಾಗಿ ಕೇಳೋಣ. ಕೇಳಿದ ಬಳಿಕ ನಮ್ಮ ಪಾಲಿನ ಹೊಣೆಯನ್ನು ಮನಃಪೂರ್ವಕವಾಗಿ ಹೊರೋಣ.