ಅರ್ಜಿಯಲ್ಲಿ ನಗೆ

ಅರ್ಜಿ ಎಂದೊಡನೆ ನಮ್ಮ ಮುಖ ಗಂಭೀರವಾಗುತ್ತದೆ. ‘ಮಾನ್ಯರೇ’ ಎಂದು ತೊಡಗಿ ‘ತಮ್ಮ ವಿಧೇಯ’ ಎಂದು ಮುಗಿಸುವವರೆಗೆ ತುಟಿ ಅರಳಿಸುವಂತಿಲ್ಲ. ನಮ್ಮ ಕಾಲೇಜುಗಳು ಬಹುಮಟ್ಟಿಗೆ ಅಂಕಪಟ್ಟಿ ನೋಡಿಯೇ ಸೀಟು ಕೊಡುವುದರಿಂದ ಈ ಗಾಂಭೀರ್ಯಕ್ಕೆ ಭಂಗವೂ ಬಂದಿರಲಿಲ್ಲ. ಆದರೆ ಅಮೆರಿಕದ ನೂರಾರು ಕಾಲೇಜುಗಳು ಒಪ್ಪುವ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯಲ್ಲಿ 650 ಪದ ಮೀರದ ಪ್ರಬಂಧವೊಂದಕ್ಕೆ ಸ್ಥಾನವಿದೆ. ನಮ್ಮ ದೇಶದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದಿವೆ. ಅಂಕಗಳಾಚೆಗೆ ನೀನು ಯಾರು ಎಂಬುದೇ ಅಲ್ಲಿಯ ಪ್ರಶ್ನೆ. ಉತ್ತರದಲ್ಲಿ ನಗೆಗೆ ಎಡೆಯುಂಟೇ?

ಉಂಟೆನ್ನಲು ಹರಪನಹಳ್ಳಿ ಸೀಮೆಯವರಿಗೆ ಸಂಕೋಚವಿರಬಾರದು. ರಾಯಸಂ ಭೀಮಸೇನರಾಯರು, ಎಂದರೆ ನಮ್ಮ ಬೀಚಿ, 1913ರಲ್ಲಿ ಜನಿಸಿದ್ದು ಅಲ್ಲಿಯೇ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’. ವ್ಯಂಜನವೊಂದು ಬದಲಾಗಿ ಬಯಾಗ್ರಫಿಗೆ ಭಯ ಸೇರಿತು. ತನ್ನನ್ನು ತಾನೇ ಹೊಗಳಿಕೊಳ್ಳಬೇಕಾದವನ ಮುಜುಗರವೂ ತೀರಿತು. ಅರ್ಜಿ ಬರೆಯುವ ಹದಿನೇಳರ ಹರೆಯದವರ ಇಕ್ಕಟ್ಟೂ ಇದೇ ಅಲ್ಲವೇ? ಇಂಥ ಶ್ಲೇಷೆ ದೂರದ ಪರೀಕ್ಷಕರಿಗೆ ತಲುಪಲಿಕ್ಕಿಲ್ಲ. ಸಂಗತಿಯಲ್ಲಿರುವ ನಗೆ ತಲುಪೀತು.

ಉಚ್ಚಂಗಿದುರ್ಗದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಬೆಟ್ಟದ ಬುಡದಲ್ಲಿ, ತಂದೆಯ ಕಾಯಿ-ಕರ್ಪೂರದ ಅಂಗಡಿಯಲ್ಲಿ ಕುಳಿತು ಚಿಲ್ಲರೆ ಕೊಡುತ್ತಿದ್ದಾಳೆ. ಲೆಕ್ಕ ತಪ್ಪಿ ನೂರು ರೂಪಾಯಿ ಹೆಚ್ಚು ಕೊಟ್ಟಳು. ಉಚ್ಚಂಗೆಮ್ಮನ ದರ್ಶನ ಮುಗಿಸಿ ಇಳಿದು ಬಂದ ಮುದುಕ ಹಣ ಹಿಂದಿರುಗಿಸಿ, “ಯವ್ವಾ, ಸಾಲಿಗೆ ಹೋಗ್ತೀಯೋ ಇಲ್ಲೋ?” ಎಂದು ಕೇಳಿದ. ಅವಳು ಈಗ ಅರ್ಜಿ ಹಾಕುತ್ತಿರುವುದು ಗಣಿತಕ್ಕೆ! ಇದನ್ನು ಇದ್ದಂತೆ ಬರೆದರೆ ಅವಳ ಊರು, ಅಂಗಡಿ, ಛಲ ಎಲ್ಲವೂ ಅದರೊಳಗೇ ಬರುತ್ತವೆ. ತಿದ್ದುವ ಭರದಲ್ಲಿ ಆ ಮುದುಕನನ್ನು ಹೊಡೆದುಹಾಕಿ, ‘ಬಾಲ್ಯದಿಂದಲೂ ಗಣಿತದಲ್ಲಿ ನನಗೆ ಅಪಾರ ಆಸಕ್ತಿ’ ಎಂದು ಬರೆಸುವ ಅಧ್ಯಾಪಕರು ನಮ್ಮಲ್ಲಿ ವಿರಳರಲ್ಲ.

ನಮ್ಮ ಭಯ ಬೇರೆಯೇ ಇದೆ. ತನ್ನ ಮೇಲೆ ನಗುವುದು ಕಷ್ಟ. ಮನೆಯವರ ಮೇಲೆ ನಗುವುದು ಸುಲಭ. ಮೊಮ್ಮಗಳಿಗೆ ಸೀಟು ಸಿಗಲೆಂದು ಹರಕೆ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲೇರುವ ಅಜ್ಜಿ ಇದ್ದಾಳೆ. ಅವಳ ಮುಗ್ಧತೆಯನ್ನು ನಾಲ್ಕು ಚುರುಕು ವಾಕ್ಯಗಳಲ್ಲಿ ಹಾಸ್ಯಮಾಡಿದರೆ ಕಡಲಾಚೆಯ ಅಧಿಕಾರಿ ನಕ್ಕಾನು. ಸೀಟೂ ದೊರೆತೀತು. ಅಜ್ಜಿಗೆ ಇಂಗ್ಲಿಷ್ ಬಾರದು. ತನ್ನನ್ನು ಮಾರಿದ್ದು ಅವಳಿಗೆ ಎಂದೂ ತಿಳಿಯದು. “ಏನು ಬರೆದೆ ಮಗಾ?” ಎಂದು ಅವಳು ಕೇಳಿದರೆ ಕಾಗದ ಮಡಚಿಡಬೇಕಾಗುವ ಪ್ರಬಂಧವದು.

ಆದುದರಿಂದ, ಕಳುಹಿಸುವ ಮುನ್ನ, ಅರ್ಜಿಯನ್ನು ಅಜ್ಜಿಯ ಮುಂದೆ ಕನ್ನಡದಲ್ಲಿ ಒಮ್ಮೆ ಓದಿ ಹೇಳಬೇಕೆಂದು ನಮ್ಮ ಸಲಹೆ. 650 ಪದಗಳು, ಕಾಲುಗಂಟೆಯ ಕೆಲಸ.