1,200 ರೂಪಾಯಿಗೆ ತುಟ್ಟಿಭತ್ಯೆ ಬೇಡವೇ?

ಮಾನ್ಯ ಮುಖ್ಯಮಂತ್ರಿಗಳಾದ ಶ್ರೀ ಸಿದ್ದರಾಮಯ್ಯನವರಿಗೆ,

2018ರಲ್ಲಿ, ನಿಮ್ಮ ಪಕ್ಷವೂ ಪಾಲುದಾರವಾಗಿದ್ದ ಸರ್ಕಾರದಲ್ಲಿ, ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರು 600 ರೂಪಾಯಿ ಇದ್ದ ಹಿರಿಯರ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 1,000 ಮಾಡಿದರು. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿಯವರು ಪ್ರಮಾಣವಚನ ತೆಗೆದುಕೊಂಡ ದಿನವೇ ಸಂಧ್ಯಾ ಸುರಕ್ಷಾ ಹಣವನ್ನು 1,200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸಿದರು. ನೀವು ಎರಡನೇ ಸಲ ಮುಖ್ಯಮಂತ್ರಿಯಾದದ್ದು 2023ರ ಮೇ 20ರಂದು. ಹಣಕಾಸು ಖಾತೆಯೂ ನಿಮ್ಮ ಕೈಯಲ್ಲೇ ಇದೆ. ಹದಿನಾರು ಬಜೆಟ್ ಮಂಡಿಸಿದ ದಾಖಲೆಯೂ ನಿಮ್ಮದೇ. ಆ 1,200 ಹಾಗೇ ಇದೆ, ಆ 800 ಹಾಗೇ ಇದೆ.

ನಾನು ಹೇರೋಹಳ್ಳಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ನಕಲು ತೆಗೆಯುವುದಕ್ಕಿಂತ ಅರ್ಜಿ ತುಂಬುವ ಕೆಲಸವೇ ಹೆಚ್ಚು. ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿ ಕಡೆಯಿಂದ ಹಿರಿಯರು ಬರುತ್ತಾರೆ. ಮಾಗಡಿ, ಕುಣಿಗಲ್ ಕಡೆಯಿಂದ ಬಂದು ಪೀಣ್ಯದ ವರ್ಕ್‌ಶಾಪ್, ಗಾರ್ಮೆಂಟ್ಸ್, ಗಾರೆ ಕೆಲಸ, ಮನೆಕೆಲಸಗಳಲ್ಲಿ ಮೈ ಸವೆಸಿದವರು. ಕೌಂಟರಿನ ಮೇಲೆ ಪ್ಲಾಸ್ಟಿಕ್ ಕವರ್ ಇಟ್ಟು, ಒಳಗಿನ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು, ಔಷಧಿ ಚೀಟಿಗಳನ್ನೆಲ್ಲ ಒಟ್ಟಿಗೆ ಸುರಿದು, "ಈ ತಿಂಗಳ ದುಡ್ಡು ಬಿದ್ದಿಲ್ಲ, ಸ್ವಲ್ಪ ನೋಡಪ್ಪಾ" ಅನ್ನುತ್ತಾರೆ.

ಎಷ್ಟೋ ಸಲ ದುಡ್ಡು ಬಂದೇ ಇರುತ್ತದೆ, ಅವರ ಕೈಲಿರುವ ಪಾಸ್‌ಬುಕ್ಕಿಗೆ ಮಾತ್ರ ಬಂದಿರುವುದಿಲ್ಲ. ಯಾವುದೋ ಬ್ಯಾಂಕಿನವರು ಕ್ಯಾಂಪ್ ಹಾಕಿದಾಗ ಹೆಬ್ಬೆಟ್ಟು ಒತ್ತಿ ಇನ್ನೊಂದು ಖಾತೆ ತೆರೆದಿರುತ್ತಾರೆ. ಆಧಾರ್ ಮ್ಯಾಪಿಂಗ್ ಅಲ್ಲಿಗೆ ಹೋಗಿರುತ್ತದೆ, ಪಿಂಚಣಿಯೂ ಅದರ ಹಿಂದೆ ಹೋಗಿರುತ್ತದೆ. ಇನ್ನು ಕೆಲವರಿಗೆ ಬೆರಳಚ್ಚೇ ಕೂರುವುದಿಲ್ಲ. ಮೂವತ್ತು ವರ್ಷ ಸಿಮೆಂಟು ಕಲಸಿದ ಕೈಯಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ವಯಸ್ಸಿನ ಫಜೀತಿ ಬೇರೆ. ನಮ್ಮ ಏರಿಯಾದ ಮುದುಕರಲ್ಲಿ ಅರ್ಧಕ್ಕರ್ಧ ಜನ ಆಧಾರ್ ಪ್ರಕಾರ ಜನವರಿ 1ರಂದು ಹುಟ್ಟಿದವರು. ಎನ್ರೋಲ್ ಮಾಡಿದ ಹುಡುಗ ಮುಖ ನೋಡಿ ಒಂದು ಇಸವಿ ಹಾಕಿದ್ದಾನೆ, ಅಷ್ಟೆ. ಎಪ್ಪತ್ತರ ಅಜ್ಜಿಗೆ ಕಾಗದದಲ್ಲಿ 61, ಸಂಧ್ಯಾ ಸುರಕ್ಷಾಕ್ಕೆ ವಯಸ್ಸು ಸಾಲದು. ನಿಮ್ಮ ಹುಟ್ಟಿದ ದಿನವನ್ನೂ ಶಾಲೆಯ ಮೇಷ್ಟ್ರೇ ಬರೆದುಕೊಂಡದ್ದು ಎಂದು ನೀವೇ ಹಲವು ವೇದಿಕೆಗಳಲ್ಲಿ ನಗುತ್ತಾ ಹೇಳಿದ್ದೀರಿ. ಹಾಗಾಗಿ ಈ ಅಜ್ಜಿಯ ಕಷ್ಟವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವನ್ನೆಲ್ಲ ದಾಟಿದವರ ಮುಂದೆ ಆದಾಯದ ಮಿತಿ ನಿಂತಿದೆ. ವರ್ಷಕ್ಕೆ 32,000 ರೂಪಾಯಿ, ಅಂದರೆ ತಿಂಗಳಿಗೆ 2,667. ಬೆಂಗಳೂರಿನಲ್ಲಿ ಇಷ್ಟರಲ್ಲಿ ಬದುಕುವವರು ಯಾರು ಸ್ವಾಮಿ? ಬಿಪಿಎಲ್ ಕಾರ್ಡಿಗೆ ನಿಮ್ಮದೇ ಸರ್ಕಾರ ಇಟ್ಟ ಮಿತಿ 1.2 ಲಕ್ಷ. ಒಂದೇ ಸರ್ಕಾರದ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಕ್ಕಿಗೆ ಬಡವ, ಪಿಂಚಣಿಗೆ ಸಾಹುಕಾರ. ಸುಳ್ಳು ಹೇಳದೆ ಈ ಅರ್ಜಿ ತುಂಬುವುದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುತ್ತೇನೆ. ಆಮೇಲೊಂದು ದಿನ ಅನರ್ಹರನ್ನು ಪತ್ತೆ ಹಚ್ಚುತ್ತೇವೆ ಎಂದು ನೀವು ಹೊರಟರೆ ಸಿಕ್ಕಿಬೀಳುವವರು ಇವರೇ.

ಪಕ್ಕದ ರಾಜ್ಯಗಳ ಮಾತು ಎತ್ತದೆ ಇರಲಾರೆ. ಆಂಧ್ರದ ಮಡಕಶಿರದಲ್ಲಿ ಕನ್ನಡ ಮಾತಾಡುವ ಅಜ್ಜಿಗೆ 2024ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ, ಅದೂ ಸರ್ಕಾರಿ ನೌಕರರು ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಕಾಸರಗೋಡಿನ ಮಂಜೇಶ್ವರದಲ್ಲಿ ಕನ್ನಡ ಮಾತಾಡುವ ಅಜ್ಜಿಗೆ 1,600 ಇತ್ತು, 2025ರ ನವೆಂಬರ್‌ನಿಂದ 2,000 ಆಗಿದೆ. ಕನ್ನಡದ ರಾಜಧಾನಿಯಲ್ಲಿ, ವಿಧಾನಸೌಧದಿಂದ ಒಂದೇ ಬಸ್ಸಿನ ದೂರದಲ್ಲಿರುವ ಅಜ್ಜಿಗೆ 1,200. ಗಡಿ ದಾಟಿದ ಕನ್ನಡಿಗರೇ ಪುಣ್ಯವಂತರು ಅನ್ನಿಸುವ ಹಾಗೆ ಮಾಡಬೇಡಿ.

"ಗ್ಯಾರಂಟಿ ಕೊಟ್ಟಿದ್ದೇವಲ್ಲ" ಎಂದು ನಿಮ್ಮ ಸುತ್ತಲಿನವರು ಹೇಳುತ್ತಾರೆ. ಕೊಟ್ಟಿದ್ದೀರಿ, ಅಲ್ಲಗಳೆಯುವುದಿಲ್ಲ. ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಖರ್ಚು ಎಂದೂ ಗೊತ್ತು. ಅನ್ನಭಾಗ್ಯದ ಅಕ್ಕಿ ಎಷ್ಟು ಒಲೆ ಉರಿಸಿದೆ ಎಂದು ಕಂಡವನು ನಾನು. ಆದರೆ ಗೃಹಲಕ್ಷ್ಮಿಯ 2,000 ಒಂದು ರೇಷನ್ ಕಾರ್ಡಿಗೆ ಒಬ್ಬ ಯಜಮಾನಿಗೆ. ಕಾರ್ಡಿನಲ್ಲಿ ಸೊಸೆ ಯಜಮಾನಿಯಾದರೆ ಅತ್ತೆಗೆ ಉಳಿಯುವುದು 800ರ ವಿಧವಾ ವೇತನ. ಅತ್ತೆಯೇ ಯಜಮಾನಿಯಾದರೆ ಆ ದುಡ್ಡು ಮೊಮ್ಮಗನ ಸ್ಕೂಲ್ ಫೀಸಿಗೆ. ಈ ಜಗಳ ನನ್ನ ಅಂಗಡಿ ಮುಂದೆಯೇ ನಡೆಯುತ್ತದೆ, ನಾನು ಯಾರ ಪರವೂ ಮಾತಾಡುವುದಿಲ್ಲ. ಅಜ್ಜಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಾದರೂ ಇದೆ. ಅಜ್ಜ ಆಸ್ಪತ್ರೆಗೆ ಹೋಗಬೇಕಾದರೆ ಟಿಕೆಟ್ ತೆಗೆಯಬೇಕು, ಅದರ ದರವೂ 2025ರ ಜನವರಿಯಲ್ಲಿ ಶೇ 15ರಷ್ಟು ಏರಿತು.

ಆಸ್ಪತ್ರೆ ಅಂದೆನಲ್ಲ. ಪಿಂಚಣಿಯ ಕಥೆ ಮುಗಿಯುವುದೇ ಅಲ್ಲಿ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡಿದ ಒಬ್ಬ ಹಿರಿಯರು ನನ್ನಲ್ಲಿ ಔಷಧಿ ಚೀಟಿಯ ನಕಲು ಮಾಡಿಸಲು ಬರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಒಂದು ಸರ್ಕಾರಿ ಆಸ್ಪತ್ರೆಯ ಚೀಟಿ ಅದು. ನಾಲ್ಕು ಮಾತ್ರೆ ಬರೆದಿದ್ದಾರೆ, ಎರಡಕ್ಕೆ ಸುತ್ತು ಹಾಕಿದ್ದಾರೆ. ಸುತ್ತು ಹಾಕಿದ್ದನ್ನು ಹೊರಗೆ ತಗೋಬೇಕು. ಎದುರಿನ ಮೆಡಿಕಲ್‌ನಲ್ಲಿ ಸ್ಟ್ರಿಪ್ ಕತ್ತರಿಸಿ ಐದೈದು ಮಾತ್ರೆ ಕೊಡಿಸಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಹಾಗೆ ಮಾಡಬೇಡಿ ಅಂದರೆ, "ಒಂದಿನ ಬಿಟ್ರೆ ಏನೂ ಆಗಲ್ಲ ಬಿಡಪ್ಪ" ಅನ್ನುತ್ತಾರೆ. ಏನಾಗುತ್ತದೆ ಎಂದು ಪಾರ್ಶ್ವವಾಯು ಹೊಡೆದು ಮೂಲೆ ಸೇರಿದವರ ಮನೆಯವರನ್ನು ಕೇಳಬೇಕು. ಅವರ ಅಂಗವಿಕಲ ಪಿಂಚಣಿಯ ಅರ್ಜಿಯನ್ನೂ ನಾನೇ ತುಂಬುತ್ತೇನೆ.

ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಒಟ್ಟಿಗೇ ನೂರಕ್ಕೂ ಹೆಚ್ಚು ತೆರೆದರು. ಅದು ಹಿಂದಿನ ಸರ್ಕಾರದ ಯೋಜನೆ ಎಂದು ನೀವು ಮುಚ್ಚಲಿಲ್ಲ, ಅದಕ್ಕೆ ವಂದನೆ. ಆದರೆ ಆರಂಭದಲ್ಲಿ ಇಟ್ಟ ಸಮಯ ಬೆಳಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್‌ನಿಂದ ಮಗಳು ಹೊರಡುವುದು ಅದಾದ ಮೇಲೆ. ಅಮ್ಮನನ್ನು ಕರೆದುಕೊಂಡು ಹೋಗುವವರು ಯಾರು? ಮಾತ್ರೆಯ ವಿಷಯದಲ್ಲಿ ಇನ್ನೂ ವಿಚಿತ್ರ. ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಜನೌಷಧಿ ಕೇಂದ್ರ ಬೇಡ, ಅಲ್ಲಿ ಔಷಧಿ ಉಚಿತವಾಗಿಯೇ ಸಿಗಬೇಕು ಎಂದು 2025ರ ಮೇ ತಿಂಗಳಲ್ಲಿ ನಿಮ್ಮ ಸರ್ಕಾರ ಆದೇಶ ಮಾಡಿತು, ಹೈಕೋರ್ಟ್ ತಡೆ ಕೊಡಬೇಕಾಯಿತು. ತತ್ವ ಸರಿಯಾಗಿಯೇ ಇದೆ. ಆದರೆ ಮೊದಲು ಒಳಗಿನ ಕಪಾಟು ತುಂಬಿಸಿ, ಆಮೇಲೆ ಹೊರಗಿನ ಬಾಗಿಲು ಹಾಕಿ. ಸರ್ಕಾರ ಕೊಂಡ ಔಷಧಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವು ಎಬ್ಬಿಸಿತು. ಅದೇ ತಿಂಗಳು ವಿಕ್ಟೋರಿಯಾ ಮೊದಲಾದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ 10ರಿಂದ 20 ರೂಪಾಯಿ ಆಯಿತು. ದರ ಪರಿಷ್ಕರಣೆಯಾಗಿ ಬಹಳ ವರ್ಷವಾಗಿತ್ತು ಎಂಬ ಸಮಜಾಯಿಷಿ ಬಂತು. ಆ ನ್ಯಾಯ ಚೀಟಿಗೆ ಮಾತ್ರವೇ?

ಶಾಸಕರಿಗೂ ಅದು ಅನ್ವಯಿಸುತ್ತದೆ ಎಂದು 2025ರ ಮಾರ್ಚ್ 21ರಂದು ತಿಳಿಯಿತು. ಸದನದಲ್ಲಿ ಗದ್ದಲವೋ ಗದ್ದಲ, ಹದಿನೆಂಟು ಶಾಸಕರ ಅಮಾನತು. ಆ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಮಸೂದೆ ಪಾಸಾಗಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರವಾಯಿತು, ನಿಮ್ಮದು 75 ಸಾವಿರದಿಂದ ಒಂದೂವರೆ ಲಕ್ಷ. ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರ. ಯಾವ ಮಾಜಿ ಶಾಸಕರೂ ನನ್ನ ಅಂಗಡಿಗೆ ಬಂದು ಆಧಾರ್ ಮ್ಯಾಪಿಂಗ್ ನೋಡಪ್ಪಾ ಎಂದು ಕೇಳಿಲ್ಲ. ಸರ್ಕಾರಿ ನೌಕರರಿಗೆ ಸಂಘವಿದೆ. 2023ರ ಮಾರ್ಚ್ 1ರಂದು ಮುಷ್ಕರ ಹೂಡಿದರು, ಅಂದೇ ಶೇ 17ರಷ್ಟು ಮಧ್ಯಂತರ ಪರಿಹಾರ ಪಡೆದರು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ದುಡಿದವರು ಪಡೆಯಲಿ. ಆದರೆ ಮುದುಕರು ಮುಷ್ಕರ ಮಾಡಿದರೆ ಯಾವ ಕಚೇರಿ ನಿಲ್ಲುತ್ತದೆ?

ಕೇಂದ್ರದ ಪಾಪವೂ ಸಣ್ಣದಲ್ಲ. ಇಂದಿರಾ ಗಾಂಧಿ ಹೆಸರಿನ ವೃದ್ಧಾಪ್ಯ ವೇತನಕ್ಕೆ, ಎಂಬತ್ತು ತುಂಬದವರಿಗೆ, ದೆಹಲಿಯ ಪಾಲು ಇವತ್ತಿಗೂ ತಿಂಗಳಿಗೆ 200 ರೂಪಾಯಿ. ಕಾರ್ಖಾನೆ ಕಾರ್ಮಿಕರ ಇಪಿಎಸ್ ಕನಿಷ್ಠ ಪಿಂಚಣಿ 2014ರಿಂದ 1,000ದಲ್ಲೇ ಕೂತಿದೆ. ಅದನ್ನು ದೆಹಲಿಗೆ ಕೇಳಿ, ನಾವೂ ಜೊತೆಗೆ ಕೇಳುತ್ತೇವೆ. ಆದರೆ ನಿಮ್ಮ ಪಾಲಿನ ಬಾಕಿಗೆ ಅದು ನೆಪವಾಗಬಾರದು.

ನಾನು 4,000 ಕೇಳುತ್ತಿಲ್ಲ. ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ, ಯಾರೂ ಕಾಲು ಹಿಡಿಯಬೇಕಾಗಿಲ್ಲ. ಈ 1,200ಕ್ಕೂ 800ಕ್ಕೂ ಅಂಥದ್ದೇ ಒಂದು ಏರ್ಪಾಡು ಕಾನೂನಿನಲ್ಲಿ ಬರಲಿ. ಆಗದ ಮಾತಲ್ಲ. ನಿಮ್ಮದೇ ಪಕ್ಷದ ಅಶೋಕ್ ಗೆಹ್ಲೋಟ್ ಸರ್ಕಾರ 2023ರಲ್ಲಿ ರಾಜಸ್ಥಾನದಲ್ಲಿ ಕನಿಷ್ಠ ಆದಾಯ ಖಾತರಿ ಕಾಯ್ದೆ ತಂದು, ಸಾಮಾಜಿಕ ಭದ್ರತಾ ಪಿಂಚಣಿ ವರ್ಷಕ್ಕೆ ಶೇ 15ರಷ್ಟು ತಾನಾಗಿಯೇ ಏರಬೇಕೆಂದು ಬರೆದಿಟ್ಟಿತು: ಜುಲೈಗೆ 5, ಜನವರಿಗೆ 10. ಮುಖ್ಯಮಂತ್ರಿ ಬದಲಾದಾಗಲೆಲ್ಲ ಮುದುಕರು ಬಾಯಿ ಬಿಟ್ಟುಕೊಂಡು ಕಾಯುವ ಸ್ಥಿತಿ ಹಾಗಾದರೂ ತಪ್ಪುತ್ತದೆ. ಆದಾಯ ಮಿತಿಯನ್ನು ಬಿಪಿಎಲ್ ಮಿತಿಗೆ ಸರಿ ಮಾಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿನದು ಒಟ್ಟಿಗೆ ಸಿಗಲಿ, ನಮ್ಮ ಕ್ಲಿನಿಕ್‌ನಲ್ಲೇ ಸಿಗಲಿ.

ಇನ್ನೊಂದು ಮಾತು ಬಾಕಿ ಇದೆ. ಯಾರ ಮನೆಯಲ್ಲಿ ಯಾರಿಗೆ ಕೆಮ್ಮು, ಯಾರ ಕಾಲು ಊದಿದೆ ಎಂದು ನಮ್ಮ ಬೀದಿಗಳಲ್ಲಿ ಗೊತ್ತಿರುವುದು ಆಶಾ ಕಾರ್ಯಕರ್ತೆಯರಿಗೆ. 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಫ್ರೀಡಂ ಪಾರ್ಕಿನಲ್ಲಿ ಕೂತ ಮೇಲೆ, ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಖಾತರಿ ಎಂದು ನೀವು ಮಾತು ಕೊಟ್ಟಿರಿ. ಆಗಸ್ಟ್‌ನಲ್ಲಿ ಆ ಮಾತು ಈಡೇರಿಲ್ಲವೆಂದು ಅವರು ಮತ್ತೆ ಬೀದಿಗೆ ಬಂದರು. ಅವರಲ್ಲಿ ಎಷ್ಟೋ ಮಂದಿ ಐವತ್ತು ದಾಟಿದ್ದಾರೆ. ಕೆಲಸ ಬಿಟ್ಟ ಮೇಲೆ ಅವರಿಗೆ ಪಿಂಚಣಿ ಇಲ್ಲ, ನನ್ನ ಅಂಗಡಿಗೆ ಬಂದು ಇದೇ ಅರ್ಜಿ ತುಂಬಿಸಬೇಕು. ಆ ಹೊತ್ತಿಗೆ ಮೊತ್ತದ ಜಾಗದಲ್ಲಿ ಎಷ್ಟು ಎಂದು ಬರೆಯಲಿ? ಮುಂದಿನ ಬಜೆಟ್ ಭಾಷಣದಲ್ಲಿ ತಿಳಿಸಿದರೆ ಸಾಕು.

ಇತಿ,
ಝೆರಾಕ್ಸ್ ಅಂಗಡಿಯವನು
ಹೇರೋಹಳ್ಳಿ, ಮಾಗಡಿ ರಸ್ತೆ
ಡಿಸೆಂಬರ್ 2025